ಕೊಟ್ಟು ತಂದ ನೆಂಟಸ್ತನ

ಅವ್ವನ ಫೋನ್ ಬಂದಾಗ ನಾನು ಡೇ ಕೇರ್ ವಾರ್ಡಿನಲ್ಲಿದ್ದೆ. ಪುಟ್ಟಿಯ ಎಡಗೈಗೆ ಸೂಜಿ ಹಾಕಿ ಅರ್ಧ ಗಂಟೆಯಾಗಿತ್ತು. ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್, ಒಂದು ಕಿವಿಯಲ್ಲಿ ಸ್ಟ್ಯಾಂಡಪ್ ಕಾಲ್. ಮೂರು ವಾರಕ್ಕೊಮ್ಮೆ ನಾನು ಮಾಡೋ 'ವರ್ಕ್ ಫ್ರಮ್ ಹೋಮ್' ಅಂದ್ರೆ ಇದೇ.

"ಲೋ, ನಿನ್ ತಮ್ಮಂಗೆ ಹೆಣ್ಣು ಗೊತ್ತಾಯ್ತು ಕಣೋ" ಅಂದಳು ಅವ್ವ.

"ಯಾವೂರು?"

"ಯಾವೂರೂ ಅಲ್ಲ. ಮನೇಲೇ ಹೆಣ್ಣಿಟ್ಕೊಂಡು ಹೊರಗ್ಯಾಕೆ ಹುಡುಕ್ಬೇಕು? ನಿಮ್ಮಕ್ಕನ ಮಗಳೇ."

ಕಾಲ್ ಮ್ಯೂಟ್ ಮಾಡಿದೆ. ಸ್ಟ್ಯಾಂಡಿಗೆ ನೇತುಹಾಕಿದ್ದ ರಕ್ತದ ಬ್ಯಾಗಿನಿಂದ ಒಂದೊಂದೇ ಹನಿ ಇಳೀತಿತ್ತು. ಅವ್ವನಿಗೆ ಏನು ಹೇಳಬೇಕೋ ತೋಚಲಿಲ್ಲ. "ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟೆ.

ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಕ್ಕನನ್ನು ಕೊಟ್ಟಿರೋದು ಶಿರಾ ಕಡೆಗೆ. ಚಿಕ್ಕಪ್ಪ ಹೆಣ್ಣು ತಂದಿರೋದು ಕೊರಟಗೆರೆಯಿಂದ. ಅವ್ವನ ತವರು ಪಾವಗಡದ ಹತ್ತಿರ, ಅಲ್ಲಿ ಅರ್ಧ ಊರು ತೆಲುಗು ಮಾತಾಡುತ್ತೆ. ನನ್ನ ಹೆಂಡತಿ ಆ ಊರಿನವಳೇ, ನನ್ನ ಸೋದರಮಾವನ ಮಗಳು. ಮಳೆ ನಂಬಿ ಕಡಲೆಕಾಯಿ ಬಿತ್ತೋ ಸೀಮೆ ನಮ್ಮದು. ಇರೋ ಚೂರುಪಾರು ಹೊಲ ಹಂಚಿಹೋಗಬಾರದು, ಹೋದ ಮನೇಲಿ ಹುಡುಗಿ ಕಣ್ಣೀರು ಹಾಕಬಾರದು, ನಾಳೆ ಬಾವಿ ಬತ್ತಿದರೆ ಕೈ ಹಿಡಿಯೋಕೆ ನಮ್ಮವರೇ ಇರಬೇಕು. ಹೀಗೆ ಕೊಟ್ಟು ತಂದು, ಕೊಟ್ಟು ತಂದು ನಾಲ್ಕು ತಾಲ್ಲೂಕು ಸೇರಿ ಒಂದೇ ಮನೆಯಂತಾಗಿದ್ದೀವಿ. ಈ ಪದ್ಧತಿಯನ್ನು ನಾನು ಹಳಿಯಲ್ಲ. ನಮ್ಮಪ್ಪ ಬೋರ್‌ವೆಲ್ ಸಾಲದಲ್ಲಿ ಮುಳುಗಿದ್ದಾಗ ನನ್ನ ಬಿಇ ಫೀಸು ಕಟ್ಟಿದ್ದು ಇದೇ ಸೋದರಮಾವ.

ಪುಟ್ಟಿ ಹುಟ್ಟಿದ್ದು 2018ರಲ್ಲಿ. ಎಂಟು ತಿಂಗಳಿಗೆ ಮಗು ಬಿಳಿಚಿಕೊಂಡಿತು, ಹಾಲು ಕುಡಿಯೋಕೂ ಸುಸ್ತು. ಒಂದು ಕ್ಲಿನಿಕ್ಕಿನಲ್ಲಿ ರಕ್ತ ಕಮ್ಮಿ ಅಂತ ಎರಡು ತಿಂಗಳು ಕಬ್ಬಿಣದ ಸಿರಪ್ ಕೊಟ್ಟರು. ಊರಿಂದ ಬಂದವರೆಲ್ಲ ದಾಳಿಂಬೆ ಕೊಡಿ, ಬೀಟ್‌ರೂಟ್ ಕೊಡಿ, ನುಗ್ಗೆಸೊಪ್ಪಿನ ರಸ ಕುಡಿಸಿ ಅಂದ್ರು. ಕೊನೆಗೆ ದೊಡ್ಡಾಸ್ಪತ್ರೆಗೆ ಎತ್ಕೊಂಡು ಹೋದಾಗ ಹಿಮೋಗ್ಲೋಬಿನ್ 5.1. ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷೆ ಮಾಡಿ, ನಮ್ಮಿಬ್ಬರ ರಕ್ತವನ್ನೂ ತೆಗೆದು ನೋಡಿ, ಡಾಕ್ಟರು ಹೇಳಿದ ಹೆಸರು 'ಬೀಟಾ ಥಲಸ್ಸೀಮಿಯಾ ಮೇಜರ್'.

ನನ್ನ ಭಾಷೆಯಲ್ಲಿ ಹೇಳ್ತೀನಿ. ಹಿಮೋಗ್ಲೋಬಿನ್ ತಯಾರಿಸೋಕೆ ಬೇಕಾದ ಒಂದು ಕೋಡು ನಮ್ಮ ಮೈಯಲ್ಲಿ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತೆ. ಅಂಥವರಿಗೆ ಕ್ಯಾರಿಯರ್ ಅಂತಾರೆ. ಅವರಿಗೆ ಕಾಯಿಲೆ ಇಲ್ಲ. ಹೊಲ ಉಳ್ತಾರೆ, ಬೆಟ್ಟ ಹತ್ತುತ್ತಾರೆ, ಕೋಡ್ ಬರೀತಾರೆ. ಕ್ಯಾರಿಯರ್‌ಗಳಿಬ್ಬರು ಮದುವೆಯಾದರೆ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬರೋ ಸಾಧ್ಯತೆ ಇರುತ್ತೆ. ಅಂಥ ಮಗು ಬೇರೆಯವರ ರಕ್ತದ ಮೇಲೆ ಬದುಕಬೇಕು.

ಹಾಕಿದ ರಕ್ತವೂ ಸುಮ್ಮನಿರಲ್ಲ. ಒಂದು ಯೂನಿಟ್‌ನಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತೆ. ಮೈ ದಿನಕ್ಕೆ ಹೊರಹಾಕೋದು ಹೆಚ್ಚೂಕಮ್ಮಿ ಒಂದೇ ಮಿಲಿಗ್ರಾಂ. ಉಳಿದಿದ್ದು ಹೃದಯ, ಲಿವರ್, ಗ್ರಂಥಿಗಳಲ್ಲಿ ಹೋಗಿ ಕೂರುತ್ತೆ. ಅದನ್ನು ತೆಗೆಯೋಕೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಲ್ಲಿ ಕದಡಿದ ಮಾತ್ರೆ ಕುಡಿಸಬೇಕು. ಕಬ್ಬಿಣದ ಸಿರಪ್ ಕುಡಿಸಿದ ಆ ಎರಡು ತಿಂಗಳು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತೆ.

ಅದಕ್ಕಿಂತ ದೊಡ್ಡ ಸಂಕಟ ನನ್ನ ಮೇಲ್‌ಬಾಕ್ಸಿನಲ್ಲಿ ಕೂತಿತ್ತು. ಡಯಾಗ್ನೋಸಿಸ್ ಆದ ವಾರ, ಹಳೇ ಕಾಗದಪತ್ರ ಹುಡುಕುತ್ತಾ 2015ರ ನನ್ನ ಹೆಲ್ತ್ ಚೆಕಪ್ ಪಿಡಿಎಫ್ ಸಿಕ್ತು. ಆಫೀಸಿನವರು ವರ್ಷಾ ವರ್ಷಾ ಪುಕ್ಕಟೆ ಮಾಡಿಸ್ತಾರಲ್ಲ, ಅದೇ. ಹಿಮೋಗ್ಲೋಬಿನ್ 12.8. ಅದರ ಕೆಳಗೆ ಕೆಂಪಕ್ಷರದಲ್ಲಿ ಎಂಸಿವಿ 64. ಆರ್‌ಬಿಸಿ 6.1, ಅದೂ ಕೆಂಪು. ಕೆಂಪು ಕಣಗಳು ಸಂಖ್ಯೆಯಲ್ಲಿ ಜಾಸ್ತಿ, ಗಾತ್ರದಲ್ಲಿ ತೀರಾ ಸಣ್ಣ ಅಂತ ಅದರರ್ಥ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ, 13ಕ್ಕಿಂತ ಕಮ್ಮಿ ಬಂದರೆ ಥಲಸ್ಸೀಮಿಯಾ ಕ್ಯಾರಿಯರ್ ಇರಬಹುದು ಅಂತ ಡಾಕ್ಟರುಗಳು ಅನುಮಾನ ಪಡ್ತಾರೆ. ನನ್ನದು ಹತ್ತೂವರೆ. ನನ್ನ ಮದುವೆಯಾದದ್ದು 2016ರಲ್ಲಿ. ಪ್ರೊಡಕ್ಷನ್ ಲಾಗ್‌ನಲ್ಲಿ ಒಂದು ವಾರ್ನಿಂಗ್ ಕಂಡರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರೋನು ನಾನು. ನನ್ನದೇ ಮೈಯ ವಾರ್ನಿಂಗು ಮೂರು ವರ್ಷ ಓದದೇ ಬಿದ್ದಿತ್ತು. ಕೊಲೆಸ್ಟ್ರಾಲ್ ನಾರ್ಮಲ್ ಇದೆಯಾ ಅಂತಷ್ಟೇ ನೋಡಿ ಮುಚ್ಚಿದ್ದೆ.

ಹತ್ತಿರದ ಸಂಬಂಧದಲ್ಲಿ ಆಗದವರಿಗೂ ಇದು ಬರುತ್ತೆ. ನಮ್ಮ ವಾರ್ಡಿನಲ್ಲಿ ಬೇರೆ ಬೇರೆ ರಾಜ್ಯದಿಂದ ಬಂದು ಬೆಂಗಳೂರಲ್ಲಿ ಭೇಟಿಯಾಗಿ ಲವ್ ಮ್ಯಾರೇಜ್ ಆದ ದಂಪತಿಯೂ ಇದ್ದಾರೆ. ಒಂದೇ ಮನೆತನದೊಳಗೆ ಕೊಟ್ಟು ತಂದರೆ ಒಂದೇ ಕೆಟ್ಟ ಪ್ರತಿ ಎರಡೂ ಕಡೆ ಇರೋ ಸಂಭವ ಜಾಸ್ತಿ, ಅಷ್ಟೇ.

ಊರಿನಲ್ಲಿ ನಾವು ಯಾರಿಗೂ ಹೆಸರು ಹೇಳಿರಲಿಲ್ಲ. "ಮಗೀಗೆ ವಸಿ ರಕ್ತ ಕಮ್ಮಿ" ಅಂತ ಅವ್ವ ಸಾರಿಸಿಬಿಟ್ಟಿದ್ದಳು. 2020ರ ಲಾಕ್‌ಡೌನ್‌ನಲ್ಲಿ ಶಿಬಿರಗಳು ನಿಂತು ಬ್ಲಡ್ ಬ್ಯಾಂಕುಗಳು ಬರಿದಾದಾಗ, ರಕ್ತ ಕೊಡಲು ಬಂದವರು ನನ್ನ ಟೀಮಿನ ಹುಡುಗರು. ನೆಂಟರನ್ನು ಕೇಳೋ ಹಾಗಿರಲಿಲ್ಲ, ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು. ಮನೆ ಮಾತು ಮನೇಲೇ ಇರಲಿ ಅಂತ ನಾನೂ ಒಪ್ಪಿಕೊಂಡಿದ್ದೆ. ಆ ಮೌನದ ಬೆಲೆ ಈಗ ತಮ್ಮನ ಮದುವೆಯ ರೂಪದಲ್ಲಿ ಎದುರಿಗೆ ಬಂದಿತ್ತು. ನಾನು ಕ್ಯಾರಿಯರ್ ಅಂದ ಮೇಲೆ ತಮ್ಮನೂ ಆಗಿರಬಹುದು, ಅಕ್ಕನೂ ಆಗಿರಬಹುದು. ಅಕ್ಕ ಆಗಿದ್ದರೆ ಅವಳ ಮಗಳೂ.

ಶನಿವಾರ ಹೊರಟೆವು. ತುಮಕೂರು ದಾಟಿ, ಕೊರಟಗೆರೆ ಕಳೆದು, ದೂರದಿಂದಲೇ ಮಧುಗಿರಿಯ ಏಕಶಿಲಾ ಬೆಟ್ಟ ಕಂಡಿತು. ಪುಟ್ಟಿ ಎಂದಿನಂತೆ "ಆನೆ ಮಲಗಿದೆ" ಅಂತ ಕೂಗಿದಳು. ರಕ್ತ ಹಾಕಿಸಿದ ವಾರ ಅವಳ ಗಂಟಲಿಗೆ ಎಲ್ಲಿಲ್ಲದ ಜೋರು.

ರಾತ್ರಿ ಉಂಡಾದ ಮೇಲೆ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅವ್ವ ಎದ್ದೇಬಿಟ್ಟಳು. "ಸುಮ್ಕಿರಪ್ಪ. ಇದು ನಿಮ್ ಬಾವನ ಕಿವಿಗೆ ಬಿದ್ರೆ ಮದ್ವೆ ನಿಂತೋಯ್ತದೆ. ಜಾತ್ಕ ಕೂಡಿ ಬಂದೈತೆ."

"ಅವ್ವ, ಸೈಪ್ರಸ್ ಅಂತ ಒಂದು ದೇಶ ಇದೆ. ಅಲ್ಲಿ ಚರ್ಚಿನಲ್ಲಿ ಮದ್ವೆ ಆಗ್ಬೇಕಾದ್ರೆ ಈ ಪರೀಕ್ಷೆ ಮಾಡಿಸಿರೋ ಚೀಟಿ ತೋರಿಸ್ಬೇಕು. ಮದ್ವೆ ಮಾಡ್ಕೋಬೇಡಿ ಅನ್ನಲ್ಲ. ತಿಳ್ಕೊಂಡು ಮಾಡ್ಕೊಳ್ಳಿ ಅಂತಾರೆ. ಈಗ ಅಲ್ಲಿ ಇಂಥ ಮಕ್ಕಳು ಹುಟ್ಟೋದೇ ಅಪರೂಪ."

ಅವ್ವ ಸೈಪ್ರಸ್ಸಿನ ಮಾತು ಕೇಳಿಸ್ಕೊಂಡಳೋ ಇಲ್ಲವೋ. ಮಲಗಿದ್ದ ಪುಟ್ಟಿಯ ಹೊಟ್ಟೆ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ನಮ್ಮವ್ವಂಗೆ ಎಲ್ಡು ಕೂಸು ಹಿಂಗೇ ಹೋದ್ವು. ಬೆಳ್ಳಗಾಗಿ, ಹೊಟ್ಟೆ ಊದ್ಕಂಡು. ಬಾಲಗ್ರಹ ಅಂದ್ರು. ಅಂತ್ರ ಕಟ್ಸಿದ್ರು, ದಂಡಿನ ಮಾರಮ್ಮಂಗೆ ಹರಕೆ ಹೊತ್ರು. ಒಂದ್ಕೂ ಎಲ್ಡು ವರ್ಷ ತುಂಬ್ಲಿಲ್ಲ."

ನಮ್ಮ ತಾತ ಮದುವೆಯಾಗಿದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಆ ಎರಡು ಕೂಸುಗಳಿಗೆ ಏನಾಗಿತ್ತೋ ಈಗ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಇಷ್ಟು ವರ್ಷ ಅವ್ವ ಅವುಗಳ ವಿಷಯ ಬಾಯಿಬಿಟ್ಟಿರಲಿಲ್ಲ.

ಬೆಳಿಗ್ಗೆ ಎದ್ದವಳೇ, "ತುಮ್ಕೂರಿಗೆ ಓಗಣ ನಡಿ. ನನ್ದೂ ತೆಗೀಲಿ" ಅಂದಳು. ಅವ್ವನದು, ತಮ್ಮನದು ಇಬ್ಬರದೂ ಕೊಟ್ಟು ಬಂದೆವು. ಖರ್ಚಾದ ದುಡ್ಡು ಮದುವೆಯ ಬಾಳೆಎಲೆಗೂ ಸಾಲದಷ್ಟು. ಕೆಲವು ದಿನ ಬಿಟ್ಟು ಮೊಬೈಲಿಗೆ ರಿಪೋರ್ಟ್ ಬಂತು. ಇಬ್ಬರೂ ಕ್ಯಾರಿಯರ್.

ಅವ್ವ ಕೇಳಿದ್ದು ಒಂದೇ ಮಾತು. "ಅಂಗಾದ್ರೆ ನನ್ನಿಂದ್ಲೇ ಬಂದಿದ್ದಾ?" ಆರು ವರ್ಷದಲ್ಲಿ ಎಷ್ಟೋ ಸಲ "ಇವಳು ಬಸುರೀಲಿ ಸರಿಯಾಗಿ ಉಣ್ಲಿಲ್ಲ" ಅಂತ ನನ್ನ ಹೆಂಡತಿಯನ್ನು ಅಂದಿದ್ದಳು. ಅವತ್ತು ಅಡುಗೆ ಮನೆಗೆ ಹೋಗಿ, ಸೊಸೆಯ ಪಕ್ಕ ನಿಂತು, ಏನೂ ಹೇಳದೆ ಅವಳ ಕೈಲಿದ್ದ ಪಾತ್ರೆ ಇಸ್ಕೊಂಡು ತಾನೇ ತೊಳೆದಳಂತೆ.

ಇನ್ನು ಹುಡುಗಿಯ ಟೆಸ್ಟ್ ಆಗಬೇಕಿತ್ತು. ಅಕ್ಕನ ಮನೆಗೆ ಹೋಗಿ ಹೇಳಿದೆ. ಬಾವ ಕೊಟ್ಟ ಕಾಫಿ ಆರಿಹೋಯಿತು. "ನನ್ ಮಗ್ಳಿಗೆ ಏನ್ ರೋಗ ಅಂತ ಟೆಸ್ಟು? ನಿನ್ ಓದು ನಿನ್ನತ್ರ ಇಟ್ಕೊ" ಅಂದ್ರು. ಅಕ್ಕ ತಲೆ ಎತ್ತಲಿಲ್ಲ. ಅವತ್ತು ರಾತ್ರಿ ಹನ್ನೊಂದಕ್ಕೆ ಹುಡುಗಿಯಿಂದ ವಾಟ್ಸಾಪ್ ಬಂತು: "ಮಾಮ, ನಾನು ಮಾಡಿಸ್ತೀನಿ. ಎಲ್ಲಿಗೆ ಬರ್ಬೇಕು ಹೇಳಿ."

ಅವಳೂ ಕ್ಯಾರಿಯರ್.

ಇಬ್ಬರನ್ನೂ ಕೂರಿಸಿಕೊಂಡು ಇರೋದನ್ನೆಲ್ಲ ಹೇಳಿದೆ. ಮದುವೆಯಾಗಬಹುದು. ಬಸಿರಾದ ಹತ್ತು ಹನ್ನೆರಡು ವಾರಕ್ಕೆ ಮಗುವಿನ ಪರೀಕ್ಷೆ ಮಾಡಿಸಬಹುದು. ಬೇರೆ ಕಡೆ ಆದರೆ, ಆ ಸಂಗಾತಿ ಕ್ಯಾರಿಯರ್ ಅಲ್ಲದಿದ್ದರೆ, ಈ ಭಯವೇ ಇಲ್ಲ. ತಮ್ಮ ಎದುರುಗಡೆ ಹೊಲದಲ್ಲಿ ಓಡಾಡುತ್ತಿದ್ದ ಪುಟ್ಟಿಯನ್ನೇ ನೋಡ್ತಿದ್ದ. ಇಬ್ಬರೂ ಬೇಡ ಅಂದರು.

ಮದುವೆ ನಿಂತಿತು. ನಮ್ಮ ಕಡೆ ಗೊತ್ತಾದ ಮದುವೆ ನಿಂತರೆ ಮಾತಾಡೋದು ಹೆಣ್ಣಿನ ಬಗ್ಗೆಯೇ. ಬಾವ ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ಅಕ್ಕ ಎಂಟು ತಿಂಗಳು ಫೋನ್ ಎತ್ತಲಿಲ್ಲ. ನಾನು ಮಾಡಿದ್ದು ಸರಿ ಅಂತ ಗೊತ್ತಿದ್ದೂ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಮದುವೆ ಗೊತ್ತಾಗೋ ಮುಂಚೆಯೇ, ಪುಟ್ಟಿಯ ರಿಪೋರ್ಟ್ ಬಂದ ವರ್ಷವೇ ಎಲ್ಲರಿಗೂ ಹೇಳಿಬಿಟ್ಟಿದ್ದರೆ ಆ ಹುಡುಗಿಗೆ ಈ ಅವಮಾನ ತಪ್ಪುತ್ತಿತ್ತು. ಆ ತಪ್ಪು ನನ್ನದು.

ಇದನ್ನು ಓದ್ತಿರೋ ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಹಾಗೇ ಆಫೀಸಿನ ಹೆಲ್ತ್ ಚೆಕಪ್ ಪಿಡಿಎಫ್ ಬಂದಿರುತ್ತೆ. ಇವತ್ತು ಒಂದು ಸಲ ತೆಗೆದು ಎಂಸಿವಿ ಅನ್ನೋ ಸಾಲು ನೋಡಿ. 80ಕ್ಕಿಂತ ಕಮ್ಮಿ ಇದ್ದರೆ ಡಾಕ್ಟರನ್ನು ಕೇಳಿ. ಕಬ್ಬಿಣದ ಕೊರತೆಯೂ ಇರಬಹುದು. ಎಚ್‌ಬಿಎ2 ಮಾಡಿಸಿದರೆ ಬಹುಮಟ್ಟಿಗೆ ಗೊತ್ತಾಗುತ್ತೆ. ಮದುವೆ ಮಾತು ನಡೀತಿದ್ದರೆ ಇವತ್ತೇ ನೋಡಿ.

ಹೋದ ತಿಂಗಳು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯ್ತು. ಅಕ್ಕ ಒಂದು ಚೀಲ ಹಸಿ ಕಡಲೆಕಾಯಿ ಹೊತ್ತು ಶಿರಾದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಅವತ್ತು ರಕ್ತ ಹಾಕಿಸೋ ದಿನ. "ನಾನೂ ಬತ್ತೀನಿ" ಅಂದಳು. ಹತ್ತು ಗಂಟೆಯಿಂದ ಎರಡೂವರೆವರೆಗೂ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಪುಟ್ಟಿಯ ಸೂಜಿ ಇಲ್ಲದ ಕೈ ಹಿಡ್ಕೊಂಡೇ ಇದ್ದಳು. ನನ್ನ ಹತ್ತಿರ ಒಂದು ಮಾತೂ ಇಲ್ಲ.

ಬ್ಯಾಗ್ ಖಾಲಿಯಾಗೋ ಹೊತ್ತಿಗೆ ಪುಟ್ಟಿಯನ್ನು ಕೇಳಿದಳು, "ಇದು ಎಷ್ಟನೇದವ್ವಾ?"

"ತೊಂಬತ್ತೆರಡು ಅತ್ತೆ. ಅಪ್ಪ ಎಕ್ಸೆಲ್ ಶೀಟಲ್ಲಿ ಬರ್ಕೊಂಡಿದಾರೆ."

ಅಕ್ಕ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಯಾರೋ ಬರ್ಸ್ಕೊಂತಾ ಇದ್ರಲ್ಲ, ರಕ್ತ ಕೊಡೋಕೆ ಎಲ್ಲಿಗೆ ಹೋಗ್ಬೇಕು?" ಅಂತ ಕೇಳಿದಳು.