ಹಿಂದುಮುಂದಾದ ಎಂಜಿನ್

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನೊಡನೆ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಕುಳಿತಿದ್ದೆ. ಎದುರಿನ ಹಳಿಯ ಮೇಲೆ ಡೀಸೆಲ್ ಎಂಜಿನ್ ಒಂದು ನಿಂತಿತ್ತು. ಅದನ್ನು ತುಸುಹೊತ್ತು ದಿಟ್ಟಿಸಿದ ಹುಡುಗ, "ತಾತ, ಇದು ಎರಡು ತಲೆ ಹಾವಿನ ಹಾಗಿದೆ. ಒಂದಿಷ್ಟೂ ಚೆನ್ನಾಗಿಲ್ಲ" ಎಂದ. ನನಗೆ ನಗು ಬಂತು. ಆದರೆ ನಗುತ್ತಿದ್ದಂತೆಯೇ ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಒಂದು ಡ್ರಾಯಿಂಗ್ ಹಾಳೆ ನೆನಪಾಗಿ, ಆ ನಗು ಅಲ್ಲಿಗೇ ನಿಂತಿತು.

ಆಗ ನಾನು ಅರಸೀಕೆರೆಯ ಸಮೀಪದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಆ ಕಡೆಗಿನ್ನೂ ಮೀಟರ್ ಗೇಜ್ ಹಳಿ. ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಎಂಟನೆಯ ತರಗತಿಯ ಹುಡುಗನೊಬ್ಬ ರೈಲಿನ ಚಿತ್ರ ಬರೆದು ತಂದಿದ್ದ. ಎಂಜಿನ್ನಿನ ಮುಂಭಾಗದಲ್ಲಿ ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಚಾಲಕನ ಕೋಣೆ ಬೋಗಿಗಳಿಗೆ ತಾಗಿದಂತೆ ಹಿಂದೆ. ಮೈಗೆಲ್ಲ ಕಂದುಗೆಂಪು, ಮೂತಿಯ ಮೇಲೆ ಢಾಳಾದ ಹಳದಿ ಪಟ್ಟಿಗಳು. ನೆತ್ತಿಯ ಮೇಲೆ ಕಪ್ಪು ಹೊಗೆಯ ಮೋಡ. ನಾನು ಕೆಂಪು ಶಾಯಿಯಲ್ಲಿ, "ಎಂಜಿನ್ ಹಿಂದುಮುಂದಾಗಿದೆ. ಡೀಸೆಲ್ ಎಂಜಿನ್ ಉಗಿಬಂಡಿಯಂತೆ ಹೊಗೆ ಕಾರುವುದಿಲ್ಲ. ಅಂದವಿಲ್ಲ" ಎಂದು ಬರೆದು ಹಿಂದಿರುಗಿಸಿದೆ. ಹುಡುಗ ಒಂದು ಮಾತನ್ನೂ ಆಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡ.

ಒಂದು ತಿಂಗಳು ಕಳೆದಿರಬಹುದು. ಊರಿಗೆ ಹೋಗಲೆಂದು ಅರಸೀಕೆರೆ ನಿಲ್ದಾಣದಲ್ಲಿ ನಿಂತಿದ್ದೆ. ಗಾಡಿ ಬಂತು. ಮುಂದೆ ಉದ್ದನೆಯ ಪೆಟ್ಟಿಗೆ, ಹಿಂದೆ ಚಾಲಕನ ಕೋಣೆ, ಮೂತಿಯ ಮೇಲೆ ಹಳದಿ ಪಟ್ಟಿ. ಹೊರಡುವಾಗ ಭುಸ್ಸೆಂದು ಹೊರಬಿದ್ದ ಕಪ್ಪು ಹೊಗೆ ಇಡೀ ಫಲಕವನ್ನೇ ಮಸಿಯಾಗಿಸಿತು. ಆ ಹುಡುಗ ಕಂಡದ್ದನ್ನು ಕಂಡಂತೆಯೇ ಬರೆದಿದ್ದ. ನೋಡದೆ ತೀರ್ಪು ಕೊಟ್ಟವನು ನಾನು.

ಅಲ್ಲಿಂದೀಚೆಗೆ ಎಂಜಿನ್ನುಗಳ ವಿಷಯವನ್ನು ಓದಿ, ಕೇಳಿ ತಿಳಿದುಕೊಂಡೆ. ನಮ್ಮ ಮೀಟರ್ ಗೇಜಿನ ವೈಡಿಎಂ-4 ಮತ್ತು ಬ್ರಾಡ್ ಗೇಜಿನ ಡಬ್ಲ್ಯುಡಿಎಂ-2 ಎರಡೂ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸಗಳು. ಡಬ್ಲ್ಯುಡಿಎಂ-2 ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿತು. ಉದ್ದನೆಯ ಪೆಟ್ಟಿಗೆಯೊಳಗೆ ಎಂಜಿನ್, ಜನರೇಟರ್, ರೇಡಿಯೇಟರ್. ಪೆಟ್ಟಿಗೆಯನ್ನು ಕಿರಿದು ಮಾಡಿ ಇಕ್ಕೆಲಗಳಲ್ಲಿ ನಡೆದಾಡಲು ಜಾಗ ಬಿಟ್ಟಿರುವುದು, ಬಾಗಿಲು ತೆರೆದರೆ ಕೆಲಸಗಾರನ ಕೈಗೆ ಯಂತ್ರ ಎಟುಕಲೆಂದು. ಉದ್ದನೆಯ ಭಾಗ ಮುಂದಿದ್ದರೆ ಅಪಘಾತದಲ್ಲಿ ಚಾಲಕನಿಗೆ ಅದೇ ಗುರಾಣಿ. ಆದರೆ ದಾರಿ ಕಾಣುವುದು ಕಡಿಮೆ. ಪ್ರತಿ ಊರಿನಲ್ಲಿಯೂ ಎಂಜಿನ್ ತಿರುಗಿಸುವ ಅನುಕೂಲವಿಲ್ಲವಾದ್ದರಿಂದ ಅದು ಎರಡು ದಿಕ್ಕಿಗೂ ಓಡಬೇಕಾಗಿತ್ತು. ಇನ್ನು ಹೊಗೆ: ವೇಗ ಹೆಚ್ಚಿಸಿದೊಡನೆ ಇಂಧನ ಹೆಚ್ಚು ಹರಿಯುತ್ತದೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಯಂತ್ರ ಆ ವೇಗಕ್ಕೇರಲು ತುಸು ತಡವಾಗುತ್ತದೆ. ಆ ಕೆಲವು ಕ್ಷಣ ಇಂಧನ ಪೂರ್ತಿಯಾಗಿ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ದಹನಕ್ರಿಯೆಗೆ ಆಮ್ಲಜನಕ ಬೇಕೆಂದು ವರ್ಷವರ್ಷವೂ ಪಾಠ ಹೇಳುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

ಹಳದಿ ಪಟ್ಟಿಗಳೂ ಅಲಂಕಾರಕ್ಕಲ್ಲ, ದೂರದಿಂದ ಜನರಿಗೆ ಕಾಣಲೆಂದು. ಮೈಬಣ್ಣವನ್ನಂತೂ ಒಂದೊಂದು ಲೋಕೋ ಶೆಡ್ಡು ಒಂದೊಂದು ಬಗೆಯಲ್ಲಿ ಬಳಿಯುತ್ತಿತ್ತು. ಕೆಲವು ಜೋಡಣೆಗಳು ಕಣ್ಣಿಗೆ ಚುಚ್ಚುತ್ತಿದ್ದವು, ನಿಜ. ಆದರೂ ದೂರದಿಂದ ಬಣ್ಣ ನೋಡಿಯೇ ಇದು ಇಂಥ ಊರಿನ ಎಂಜಿನ್ ಎಂದು ಹೇಳುವ ಹುಡುಗರಿದ್ದರು.

ಅಂದಗೇಡಿ ಎಂಜಿನ್ನುಗಳ ಮಾತು ಬಂದಾಗ ಇಂಗ್ಲೆಂಡಿನ ಕ್ಯೂ-1 ಎಂಬ ಉಗಿಬಂಡಿಯನ್ನು ಬಿಡುವಂತಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಆಲಿವರ್ ಬುಲ್ಲೀಡ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. ಲೋಹಕ್ಕೆ ಬರ. ಆದ್ದರಿಂದ ಚಕ್ರಗಳ ಮೇಲಿನ ಹಲಗೆಯನ್ನೂ ಶೋಭೆಯ ಭಾಗಗಳನ್ನೂ ಕೈಬಿಟ್ಟರು. ಬಾಯ್ಲರಿನ ಹೊದಿಕೆ ಬಿಸ್ಕತ್ತಿನ ಡಬ್ಬಿಯಂತೆ ಕಂಡಿತು. ಜನ ನಕ್ಕರು. ಆದರೆ ಹಗುರಾದ ಮೈಯ ಆ 40 ಎಂಜಿನ್ನುಗಳು ಆರು ಚಕ್ರದ ತಮ್ಮ ಜಾತಿಯಲ್ಲಿ ಬ್ರಿಟನ್ನಿನಲ್ಲಿಯೇ ಅತ್ಯಂತ ಬಲಶಾಲಿಗಳೆನಿಸಿದವು. ಅವುಗಳಲ್ಲೊಂದನ್ನು ಅಲ್ಲಿನ ರಾಷ್ಟ್ರೀಯ ಸಂಗ್ರಹದಲ್ಲಿ ಉಳಿಸಿಕೊಂಡಿದ್ದಾರೆ.

ಮೊಮ್ಮಗನಿಗೆ ಆ ದಿನ ಎರಡು ತಲೆಯ ಕಥೆ ಹೇಳಿದೆ. 2001ರಲ್ಲಿ ಅಮೆರಿಕದಿಂದ ಬಂದ ಡಬ್ಲ್ಯುಡಿಪಿ-4 ಎಂಜಿನ್ನುಗಳಿಗೆ ಹುಬ್ಬಳ್ಳಿಯೇ ಮನೆಯಾಯಿತು. 4000 ಅಶ್ವಶಕ್ತಿ, ಆದರೆ ಚಾಲಕನ ಕೋಣೆ ಒಂದೇ. ಉದ್ದನೆಯ ಭಾಗ ಮುಂದಾದಾಗ ಚಾಲಕನಿಗೆ ದಾರಿ ಸರಿಯಾಗಿ ಕಾಣದೆ ತೊಂದರೆಯಾಯಿತು. ಅದಕ್ಕಾಗಿಯೇ ಮುಂದಿನ ಮಾದರಿಯಲ್ಲಿ ಇನ್ನೊಂದು ತುದಿಗೂ ಕೋಣೆಯನ್ನು ಕಟ್ಟಿದರು. ಹುಡುಗ ಮತ್ತೊಮ್ಮೆ ನೋಡಿ, "ಹಾಗಾದರೆ ಸರಿ. ಆದರೂ ಚೆನ್ನಾಗಿಲ್ಲ" ಎಂದ. ಅದು ನ್ಯಾಯವಾದ ಮಾತು. ಕಾರಣ ತಿಳಿದ ಮಾತ್ರಕ್ಕೆ ಚೆನ್ನಾಗಿ ಕಾಣಲೇಬೇಕೆಂದೇನಿಲ್ಲ. ಕಾರಣ ಕೇಳುವ ಮುನ್ನ ಕೆಂಪು ಶಾಯಿ ಹಚ್ಚಬಾರದು, ಅಷ್ಟೆ.

ಆ ಚಿತ್ರದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಅರಸೀಕೆರೆಯಲ್ಲಿ ನನ್ನ ತಪ್ಪು ತಿಳಿದ ಮೇಲೂ ಆ ಹುಡುಗ ಎರಡು ವರ್ಷ ನನ್ನ ತರಗತಿಯಲ್ಲಿಯೇ ಕುಳಿತಿದ್ದ. ಒಂದು ದಿನ ಕರೆದು, "ನೀನು ಬರೆದದ್ದು ಸರಿ, ನಾನು ಬರೆದದ್ದು ತಪ್ಪು" ಎನ್ನಲು ನನ್ನಿಂದಾಗಲಿಲ್ಲ. ಮೇಷ್ಟರ ಗೌರವ ಕಡಿಮೆಯಾದೀತೆಂಬ ಭಯ. ಎಸ್ಸೆಸ್ಸೆಲ್ಸಿ ಮುಗಿಸಿ ಅವನು ಹೋದ. ಮತ್ತೆ ಚಿತ್ರ ಬರೆದನೋ ಇಲ್ಲವೋ ತಿಳಿಯದು.

ಅವನ ಓರಗೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದಿದರೆ, ಹುಡುಗ ಯಾರೆಂದು ನಿಮಗೆ ನೆನಪಾದೀತು. ದಯವಿಟ್ಟು ಅವನಿಗೆ ಹೇಳಿ: ಎಂಜಿನ್ ಸರಿಯಾಗಿಯೇ ಇತ್ತು. ಹೊಗೆಯೂ ಸರಿಯಾಗಿತ್ತು.