ಕೂಸಿನ ಹಣೆಯ ಉಪ್ಪು

ಯಲಬುರ್ಗಾದ ಬೇಸಿಗೆಯಲ್ಲಿ ಬೆವರಿಗೆ ಬರವಿಲ್ಲ. ಯುಗಾದಿ ಕಳೆಯಿತೆಂದರೆ ರೊಟ್ಟಿ ಬಡಿಯುವವಳ ಸೀರೆ ಬೆನ್ನಿಗೆ ಅಂಟಿಯೇ ಇರುತ್ತದೆ. ಇಂಥ ಊರಿನವಳಾದ ನಾನು ನಾಲ್ಕು ಹನಿ ಬೆವರಿಗಾಗಿ ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆನೆಂದರೆ ನೀವು ನಕ್ಕೀರಿ.

ಬೆವರು ನನ್ನದಲ್ಲ, ಮೊಮ್ಮಗನದು. ಗಂಗಾವತಿಯಲ್ಲಿ ಅಂಗಡಿ ಇಟ್ಟಿರುವ ನನ್ನ ಕಡೆಯ ತಮ್ಮನಿಗೇ ಮಗಳನ್ನು ಕೊಟ್ಟಿದ್ದೇನೆ. ಮಗಳು ಕಣ್ಣ ಮುಂದೆ ಇರಲಿ ಎಂದು ಹಟ ಹಿಡಿದು ಈ ಗಂಟು ಹಾಕಿದವಳು ನಾನೇ. ಹೀಗಾಗಿ ಕೂಸು ನನಗೆ ಮೊಮ್ಮಗನೂ ಹೌದು, ಸೋದರಳಿಯನೂ ಹೌದು.

ಬಾಣಂತನಕ್ಕೆ ಮಗಳು ನಮ್ಮ ಮನೆಯಲ್ಲಿದ್ದಳು. ಕೂಸು ಹಾಲನ್ನು ಬಕಬಕನೆ ಕುಡಿಯುತ್ತಿತ್ತು, ಮೈ ಮಾತ್ರ ಹಿಡಿಯಲಿಲ್ಲ. ಕೆಮ್ಮು ಬಿಡಲಿಲ್ಲ. ಮಲದಲ್ಲಿ ಎಣ್ಣೆಯ ಜಿಡ್ಡು, ತಡೆಯಲಾರದ ನಾತ; ಬಟ್ಟೆ ಒಗೆಯುವವಳು ನಾನಾದ್ದರಿಂದ ನನಗೇ ಗೊತ್ತು. "ತಾಯಿ ಹಾಲಾಗ ಸತ್ವ ಇಲ್ಲ" ಎಂದಳು ನಮ್ಮವ್ವ. ಮಗಳು ಮುಖ ತಿರುಗಿಸಿ ಅತ್ತಳು. ಕುಷ್ಟಗಿಯ ಅತ್ತಿಗೆ ದೃಷ್ಟಿಯಾಗಿದೆ ಎಂದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಉಪ್ಪು ಚಟಪಟ ಎಂದಿತು, ಕೆಮ್ಮು ನಿಲ್ಲಲಿಲ್ಲ.

ಒಂದು ಸಂಜೆ ಮಗಳು, "ಯವ್ವಾ, ಇವಗ ಮುದ್ದು ಕೊಟ್ರ ತುಟಿಗೆ ಉಪ್ಪುಪ್ಪು ಹತ್ತತೈತಿ" ಎಂದಳು. "ಬ್ಯಾಸಗ್ಯಾಗ ಯಾರಿಗೆ ಹತ್ತೂದಿಲ್ಲ?" ಎಂದು ನಾನು ಆ ಮಾತನ್ನು ಅಲ್ಲಿಗೇ ಮುರಿದೆ.

ಎರಡನೆಯ ಸಲ ನ್ಯುಮೋನಿಯಾ ಆದಾಗ ಕೊಪ್ಪಳದ ಮಕ್ಕಳ ಡಾಕ್ಟರು ಕೇಳಿದ್ದು ಅದನ್ನೇ: "ಮುದ್ದು ಕೊಟ್ಟಾಗ ಉಪ್ಪು ಅನಿಸ್ತದೇನಮ್ಮ?" ಮಗಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ. ಬೆವರು ಚರ್ಮಕ್ಕೆ ಬರುವ ಮೊದಲೇ ಅದರ ಉಪ್ಪಿನ ಬಹುಪಾಲನ್ನು ದೇಹ ಹಿಂದಕ್ಕೆ ಎಳೆದುಕೊಳ್ಳುತ್ತದಂತೆ. ಈ ಮಕ್ಕಳಲ್ಲಿ ಆ ದಾರಿ ಕೆಟ್ಟಿರುತ್ತದೆ. ಅದೇ ದೋಷದಿಂದ ಎದೆಯ ಕಫ ಗಟ್ಟಿಯಾಗುತ್ತದೆ, ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಈ ರೋಗವನ್ನು 1938ರಲ್ಲಿ ಬಿಡಿಸಿ ಬರೆದವರು ಅಮೆರಿಕದ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆ ಬಿದ್ದಾಗ ಇಂಥ ಮಕ್ಕಳು ಬಸವಳಿದು ಆಸ್ಪತ್ರೆಗೆ ಬಂದರು. ಅದರ ಜಾಡು ಹಿಡಿದು ಪಾಲ್ ಡಿ ಸಾಂತ್‌ಆನ್ಯೇಸೆ ಎಂಬ ಡಾಕ್ಟರು ಮತ್ತು ಅವರ ಜೊತೆಗಾರರು 1953ರಲ್ಲಿ ಬೆವರಿನ ಉಪ್ಪನ್ನು ತೋರಿಸಿಕೊಟ್ಟರು. ನ್ಯೂಯಾರ್ಕಿನ ಸೆಕೆಗೇ ಹಾಗಾದರೆ ನಮ್ಮೂರಿನ ಬಿಸಿಲಿಗೆ ಈ ಕೂಸಿನ ಗತಿಯೇನು ಎಂದು ನನ್ನೆದೆ ಝಲ್ಲೆಂದಿತು.

ಪರೀಕ್ಷೆ ಇರುವುದು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಸೂಜಿ ಚುಚ್ಚುತ್ತಾರೆಂದು ನಾನು ಹೆದರಿದ್ದೆ. ಸೂಜಿಯೇ ಇಲ್ಲ. ಕೂಸಿನ ತೋಳಿಗೆ ಪೈಲೋಕಾರ್ಪಿನ್ ಎಂಬ ಔಷಧಿಯ ಪಟ್ಟಿ ಇಟ್ಟು, ಐದು ನಿಮಿಷ ತೀರ ಸಣ್ಣ ವಿದ್ಯುತ್ತು ಹರಿಸಿದರು. ಆ ಜಾಗ ಕೆಂಪಾಗಿ ಬೆವರಿತು. ಅರ್ಧ ಗಂಟೆ ಆ ಬೆವರನ್ನು ಕೂಡಿಸಿದರು. ಕೂಸು ಸ್ವಲ್ಪ ಕುಸುಗುಟ್ಟಿ ನಿದ್ದೆಹೋಯಿತು. ಆದರೆ ಬೆವರು ಸಾಲಲಿಲ್ಲ! ಸಣ್ಣ ಕೂಸುಗಳಲ್ಲಿ ಹೀಗಾಗುವುದುಂಟು, ಅದು ರೋಗವೂ ಅಲ್ಲ, ತಪ್ಪೂ ಅಲ್ಲ, ಚೆನ್ನಾಗಿ ಹಾಲು ಕುಡಿಸಿ ಮತ್ತೆ ತನ್ನಿ ಎಂದರು.

ಎರಡನೆಯ ಸಲ ಉತ್ತರ ಸಿಕ್ಕಿತು. ಬೆವರಿನ ಕ್ಲೋರೈಡು ಲೀಟರಿಗೆ 30 ಮಿಲಿಮೋಲಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಈ ರೋಗದ ಭಯವಿಲ್ಲ; 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇದೇ ರೋಗವೆನ್ನುತ್ತಾರೆ. ನಮ್ಮ ಕೂಸಿನದು 94. ರಕ್ತದ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು.

ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ತಂದೆಯಿಂದ ಒಂದು ದೋಷ, ತಾಯಿಯಿಂದ ಒಂದು. ಎರಡೂ ಕೂಡಿದರೆ ಮಾತ್ರ ರೋಗ. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸಂಬಂಧದಲ್ಲಿ ಕೊಟ್ಟು ತಂದರೆ ಒಂದೇ ದೋಷ ಎರಡೂ ಕಡೆ ಇರುವುದು ಹೆಚ್ಚು. ತಾಯಿಯ ಹಾಲಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಊರಿಗೆ ಬಂದು ಆ ಕಾಗದವನ್ನು ಅವ್ವನ ಮುಂದೆ ಹರವಿದೆ. ಹಾಲಿನ ಮಾತು ಅಂದಿಗೆ ನಿಂತಿತು. ರಾತ್ರಿ ಮಗಳ ಕೈ ಹಿಡಿದು, "ಗಂಟು ಹಾಕಿದಾಕಿ ನಾನವಾ" ಎಂದೆ. "ಅದನ್ನ ಈಗ ಎಣಿಸಬ್ಯಾಡ ಯವ್ವಾ. ದಿನಕ್ಕ ಎಷ್ಟು ಉಪ್ಪು ಹಾಕಬೇಕಂದ್ರು, ಹೇಳು" ಎಂದಳು.

ಈಗ ಅವನಿಗೆ ಮೂರು ವರ್ಷ. ಪೂರ್ತಿ ವಾಸಿಯಾಗುವ ರೋಗವಲ್ಲ. ಡಾಕ್ಟರು ಹೇಳಿದಷ್ಟು ಹೆಚ್ಚಿನ ಉಪ್ಪು, ಊಟದ ಜೊತೆ ಜೀರ್ಣಕ್ಕೆ ಎನ್‌ಜೈಮ್ ಔಷಧಿ, ಬೆಳಿಗ್ಗೆ ಸಂಜೆ ಎದೆ ಬೆನ್ನು ತಟ್ಟಿ ಕಫ ಸಡಿಲಿಸುವುದು. ರೊಟ್ಟಿ ಬಡಿಯುವ ಕೈಗೆ ಅದು ಬೇಗ ಒಗ್ಗಿತು.

ಹೋದ ದೀಪಾವಳಿಗೆ ಅತ್ತಿಗೆ ತಮ್ಮ ಮಗಳಿಗೆ ನನ್ನ ಮಗನನ್ನು ಕೇಳಿದರು. ಮೊದಲು ಇಬ್ಬರದೂ ರಕ್ತ ಪರೀಕ್ಷೆಯಾಗಲಿ ಎಂದೆ. ಮುನಿಸಿಕೊಂಡು ಹೋಗಿದ್ದಾರೆ. ಮುನಿಸಿಕೊಳ್ಳಲಿ. ಹೆಣ್ಣುಮಗಳೊಬ್ಬಳ ಮಾತನ್ನು ಒಮ್ಮೆ ಬೇಸಿಗೆಯ ಬೆವರೆಂದು ತಳ್ಳಿಹಾಕಿದ್ದೇ ಸಾಕು.