ಎರಡು ಬೇಸಿಗೆಯ ಬಕುಳ

ಜೂನ್ ತಿಂಗಳು ಬಂದೊಡನೆ ಶಾಲೆ, ದೇವಾಲಯ, ಕಚೇರಿಗಳ ಅಂಗಳದಲ್ಲಿ ಸಸಿ ನೆಡುವ ಸಂಭ್ರಮ. 1950ರಲ್ಲಿ ಆರಂಭವಾದ ವನಮಹೋತ್ಸವ ಇಂದಿಗೂ ನಡೆದುಬಂದಿದೆ. ನೆಟ್ಟವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಅದೇ ಸಸಿಗೆ ನೀರೆರೆದವರ ಚಿತ್ರವನ್ನು ನಾನಂತೂ ಕಂಡಿಲ್ಲ. ಚಿಂಚೋಳಿಗೆ ಹೊಂದಿಕೊಂಡಿರುವ ನಮ್ಮ ಚಂದಾಪುರದಲ್ಲಿ ಸಸಿಯ ಅಳಿವು ಉಳಿವನ್ನು ನಿರ್ಧರಿಸುವುದು ಆ ಬೇಸಿಗೆಯೇ.

ಹತ್ತಿರದ ಚಿಂಚೋಳಿ ವನ್ಯಧಾಮವನ್ನು ನೀವು ಮಾರ್ಚ್ ಕಳೆದ ಮೇಲೆ ನೋಡಿರಬಹುದು. ಅಲ್ಲಿಯ ಮರಗಳಲ್ಲಿ ಬಹುಪಾಲು ಎಲೆ ಉದುರಿಸಿ ಬರಿದಾಗಿ ನಿಲ್ಲುತ್ತವೆ. ಎಲೆಯ ಮೂಲಕ ನೀರು ಆವಿಯಾಗುವುದನ್ನು ತಡೆಯಲು ಅವು ಕಂಡುಕೊಂಡ ಉಪಾಯವದು. ಬಕುಳವು ನಿತ್ಯಹಸಿರು ಜಾತಿ. ಬಿಸಿಲಲ್ಲೂ ಹೊಳೆಯುವ ಎಲೆಗಳನ್ನು ಹೊತ್ತೇ ನಿಲ್ಲುತ್ತದೆ. ಬೇರು ಆಳಕ್ಕಿಳಿದ ಮೇಲೆ ಅದು ಬರವನ್ನೂ ತಾಳಿಕೊಳ್ಳಬಲ್ಲದು. ಅಲ್ಲಿಯವರೆಗೆ ಅದರ ನೀರಡಿಕೆಗೆ ಮನುಷ್ಯನೇ ಹೊಣೆ. ಕರಾವಳಿಯವರು ರೆಂಜೆ ಎಂದು ಕರೆಯುವ ಈ ಮರ ಚಿಕ್ಕು ಮತ್ತು ಇಪ್ಪೆಯ ಕುಟುಂಬಕ್ಕೆ ಸೇರಿದ್ದು. ನಕ್ಷತ್ರದಂಥ ಪುಟ್ಟ ಹೂ. ಉದುರಿದಾಗ ನಡುವೆ ತೂತಿರುವುದರಿಂದ ಮಕ್ಕಳು ಹುಲ್ಲುಕಡ್ಡಿಯಲ್ಲೇ ಪೋಣಿಸಬಹುದು. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ.

ನಿವೃತ್ತ ಶಿಕ್ಷಕರಾಗಿದ್ದ ನಮ್ಮ ತಂದೆಯವರು 2015ರ ಜೂನ್‌ನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮೊಣಕಾಲೆತ್ತರದ ಬಕುಳದ ಸಸಿಯೊಂದನ್ನು ನೆಟ್ಟರು. ಎರಡಡಿ ಆಳ, ಎರಡಡಿ ಅಗಲದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿಸಿ ಬಿಸಿಲಿಗೆ ಬಿಟ್ಟಿದ್ದರು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದು ಬೇರನ್ನು ಉಸಿರುಗಟ್ಟಿಸುತ್ತದೆ. ಬೇಸಿಗೆಯಲ್ಲಿ ಬಿರಿದು ಎಳೆಬೇರನ್ನು ಹರಿಯುತ್ತದೆ. ಆದ್ದರಿಂದ ಕೆಮ್ಮಣ್ಣು, ಮರಳು, ಕೊಳೆತ ಸಗಣಿ ಗೊಬ್ಬರ ಬೆರೆಸಿ ಗುಂಡಿ ತುಂಬಿದರು. ಮಳೆಗಾಲದಲ್ಲಿ ಬುಡಕ್ಕೆ ಮಣ್ಣೇರಿಸಿದರು, ಚಳಿಗಾಲ ಕಳೆದ ಮೇಲೆ ಪಾತಿ ಮಾಡಿ ತೊಗರಿಯ ಹೊಟ್ಟನ್ನು ದಪ್ಪನಾಗಿ ಹರಡಿದರು. ತೊಗರಿಯ ನಾಡಿನಲ್ಲಿ ಹೊಟ್ಟಿಗೇನು ಕೊರತೆ! ಆಡುಗಳ ಬಾಯಿಗೆ ಸಿಗದಂತೆ ಸುತ್ತಲೂ ಜಾಲಿಮುಳ್ಳು.

ಮುಂದಿನ ಬೇಸಿಗೆ ನಿಮಗೆ ನೆನಪಿರಬೇಕು. 2016ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದರು. ನಮ್ಮಲ್ಲೂ ಕೊಡಕ್ಕಾಗಿ ಸರದಿ. ತಂದೆಯವರು ಸಸಿಯ ಬಳಿ ತಂಬಿಗೆ ಹಿಡಿದು ನಿಂತಾಗ ನೆರೆಮನೆಯವರು ಕೇಳಿಯೇಬಿಟ್ಟರು: “ಮಾಸ್ತರ, ಮಂದಿಗಿ ಕುಡಿಲಾಕ ನೀರಿಲ್ಲ, ನೀವು ಗಿಡಕ್ಕ ಹಾಕ್ತೀರೇನ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಮರಕ್ಕಿಂತ ಮನುಷ್ಯನ ದಾಹ ದೊಡ್ಡದು ಎಂಬುದನ್ನು ತಂದೆಯವರೂ ಒಪ್ಪಿದ್ದರು. ಬೇಳೆ ತೊಳೆದ ನೀರು, ಸಾಬೂನಿಲ್ಲದೆ ಮುಖ ತೊಳೆದ ನೀರು, ಇವಿಷ್ಟೇ ಬಕುಳದ ಪಾಲೆಂದು ಮನೆಯಲ್ಲಿ ನಿಯಮ ಮಾಡಿದ್ದರು. ತಳದಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ತುರುಕಿದ ಮಣ್ಣಿನ ಗಡಿಗೆಯನ್ನು ಬುಡದ ಪಕ್ಕ ಹೂತು, ಸಂಜೆ ಆ ನೀರನ್ನು ಅದರಲ್ಲಿ ಸುರಿಯುತ್ತಿದ್ದರು. ಅದು ಹನಿಹನಿಯಾಗಿ ಬೇರಿನತ್ತಲೇ ಇಳಿಯುತ್ತಿತ್ತು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಆಳಕ್ಕೆ ಹೋದ ನೀರು ಬೇರನ್ನೂ ಆಳಕ್ಕೆ ಕರೆದೊಯ್ಯುತ್ತದೆ. ಶುಭಸಂದೇಶದಲ್ಲಿ ಅಂಜೂರದ ಮರಕ್ಕೆ ಒಂದು ವರ್ಷದ ಗಡುವು ಕೇಳಿಕೊಂಡ ತೋಟಗಾರನ ಸಾಮತಿ ತಂದೆಯವರಿಗೆ ಬಲು ಪ್ರಿಯವಾಗಿತ್ತು. ಆದರೆ ಬಕುಳಕ್ಕೆ ಎರಡು ವರ್ಷವಾದರೂ ಬೇಕು ಎಂದು ನಗುತ್ತಿದ್ದರು.

2017ರ ಬೇಸಿಗೆಯನ್ನೂ ಸಸಿ ದಾಟಿತು. ಆ ಬಳಿಕ ಅದು ಕೇಳಿದ್ದು ಬಹಳ ಕಡಿಮೆ: ವರ್ಷಕ್ಕೊಮ್ಮೆ ಒಂದು ಪುಟ್ಟಿ ಗೊಬ್ಬರ, ಕೆಳಗಿನ ಒಂದೆರಡು ರೆಂಬೆ ಸವರುವುದು. ತಂದೆಯವರು 2019ರಲ್ಲಿ ತೀರಿಕೊಂಡರು. ಮೊದಲ ಹೂ ಬಿಟ್ಟದ್ದು 2022ರಲ್ಲಿ. ಬೆಳಗಿನಲ್ಲಿ ನೆಲದ ಮೇಲೆ ಬಿದ್ದಿದ್ದ ಹತ್ತು ಹನ್ನೆರಡು ಹೂಗಳನ್ನು ತಾಯಿಯವರು ಸೆರಗಿಗೆ ಹಾಕಿಕೊಂಡು ಮಾತಿಲ್ಲದೆ ಒಳಗೆ ಹೋದರು. ಅವನ್ನು ತಂದೆಯವರ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ದಿನಗಳ ನಂತರ, ಡಬ್ಬಿ ತೆರೆದಾಗ.

ಮರುವರ್ಷ ತಮ್ಮನು ಅಂಗಳದಲ್ಲಿ ಹೊಸ ಕೋಣೆಗೆ ಅಳತೆ ಹಾಕಿದಾಗ ದಾರವು ಮರದ ಬುಡವನ್ನೇ ಹಾದುಹೋಯಿತು. ಅವನ ಮಗಳ ಓದಿಗೆ ಕೋಣೆ ಬೇಕಾಗಿತ್ತು, ಅವನನ್ನು ದೂರುವಂತಿರಲಿಲ್ಲ. ಮನೆಯಲ್ಲಿ ಎರಡು ದಿನ ಬಿಗಿಯಾದ ಮೌನ. ಮೂರನೆಯ ದಿನ ತಾಯಿಯವರು, “ಖೋಲಿ ನಾಕು ಫೂಟ್ ಸಣ್ಣದಾಗ್ಲಿ ಬಿಡಪ್ಪ, ಗಿಡ ಹಾಂಗೇ ಇರ್ಲಿ” ಎಂದರು. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಕೋಣೆ ಸಣ್ಣದಾಯಿತು, ಅದರ ಕಿಟಕಿಗೆ ಈಗ ಮಧ್ಯಾಹ್ನವೂ ನೆರಳು.

ಈಗ ಕಾಯಿ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ ಹಕ್ಕಿಗಳನ್ನು ಕರೆಯುತ್ತದೆ. ಬೀಜವನ್ನು ತಿರುಳಿನಿಂದ ಬಿಡಿಸಿ, ಹಳತಾಗಲು ಬಿಡದೆ ಕೂಡಲೇ ಬಿತ್ತಬೇಕು. ಮೊಳಕೆಗೆ ವಾರಗಳೇ ಹಿಡಿಯುತ್ತವೆ. ತಾಯಿಯವರು ಹಾಲಿನ ಖಾಲಿ ಪೊಟ್ಟಣಗಳಲ್ಲಿ ಹನ್ನೊಂದು ಸಸಿ ಎಬ್ಬಿಸಿದ್ದಾರೆ. ಕೇಳಿದವರಿಗೆಲ್ಲ ಕೊಡುವುದಿಲ್ಲ. “ಏಪ್ರಿಲ್‌ನ್ಯಾಗ ಊರಾಗ ಇರ್ತೀರೇನ್ರಿ?” ಎಂದು ಮೊದಲು ವಿಚಾರಿಸುತ್ತಾರೆ. ಇದುವರೆಗೆ ನಾಲ್ಕು ಮನೆಗಳವರು ಹೂಂ ಎಂದಿದ್ದಾರೆ. ಏಳು ಸಸಿಗಳು ಇನ್ನೂ ಗೋಡೆಯ ನೆರಳಿನಲ್ಲಿವೆ.